ತಬ್ಬಲಿಗಳ ಸಂಗೀತಗುರು: ಕೆಂಪು ಪಾದ್ರಿ ವಿವಾಲ್ಡಿ

ಶಾಲಾ ಪರೀಕ್ಷೆಗಳ ಫಲಿತಾಂಶ ಪ್ರಕಟವಾದ ವಾರದಲ್ಲಿ ಧರ್ಮಕೇಂದ್ರದ ಗುರುನಿವಾಸಕ್ಕೆ ಬರುವ ತಂದೆತಾಯಿಯರ ಸಂಖ್ಯೆ ಸಹಜವಾಗಿಯೇ ಹೆಚ್ಚು. ಮಕ್ಕಳನ್ನು ಮುಂದೆ ಯಾವ ಓದಿಗೆ ಸೇರಿಸಬೇಕೆಂಬುದೇ ಎಲ್ಲರ ಚಿಂತೆ. ಹಲವು ವರ್ಷಗಳ ಹಿಂದೆ ಹೀಗೆಯೇ ಬಂದ ಒಂದು ಕುಟುಂಬವನ್ನು ನಾವು ಇಂದಿಗೂ ಮರೆತಿಲ್ಲ. ಮಗ ನಮ್ಮ ದೇವಾಲಯದ ಗಾನವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ. ಸಂಗೀತ ಕಾಲೇಜಿಗೆ ಸೇರಿ ಅದನ್ನೇ ಕ್ರಮವಾಗಿ ಅಭ್ಯಸಿಸಬೇಕೆಂಬುದು ಅವನ ಹಂಬಲ. ಪಿಟೀಲಿನಿಂದ ಹೊಟ್ಟೆ ತುಂಬೀತೇ ಎಂಬುದು ತಂದೆಯ ಪ್ರಶ್ನೆ. ನಾವು ಹೆಚ್ಚು ಯೋಚಿಸದೆ ತಂದೆಯ ಪಕ್ಷವನ್ನೇ ವಹಿಸಿದೆವು. ಹುಡುಗ ವಾಣಿಜ್ಯ ವಿಭಾಗಕ್ಕೆ ಸೇರಿದ. ಮುಂದೆ ತನ್ನ ಮದುವೆಯ ಪತ್ರಗಳನ್ನು ಹಿಡಿದು ಬಂದಾಗ ಪಿಟೀಲಿನ ಬಗ್ಗೆ ವಿಚಾರಿಸಿದೆವು. ತಂತಿಗಳೆಲ್ಲ ಕಿತ್ತುಹೋಗಿವೆ, ಪೆಟ್ಟಿಗೆ ಅಟ್ಟದ ಮೇಲಿದೆ ಎಂದು ನಗುತ್ತಲೇ ಹೇಳಿದ. ಅವನ ಮಾತಿನಲ್ಲಿ ದೂರಿರಲಿಲ್ಲ. ಆದರೆ ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಆ ಕಾಲದಿಂದ ನಾವು ಮತ್ತೆ ಮತ್ತೆ ನೆನೆಯುತ್ತ ಬಂದಿರುವ ಒಬ್ಬ ಯಾಜಕರ ಜೀವನವನ್ನು ಈ ವಾರ ಪ್ರಿಯ ವಾಚಕರ ಮುಂದಿಡಬಯಸುತ್ತೇವೆ. ಅವರೇ ಇಟಲಿಯ ವೆನಿಸ್ ನಗರದ ಗುರು ಆಂಟೋನಿಯೊ ವಿವಾಲ್ಡಿ.

ಕನ್ಸರ್ವೇಟರಿ ಎಂಬ ಪದದ ಮೂಲ

ಇಂದು ಪ್ರಪಂಚದ ದೊಡ್ಡ ನಗರಗಳಲ್ಲಿ ಕನ್ಸರ್ವೇಟರಿ ಎಂಬ ಹೆಸರಿನ ಕಲಾಶಾಲೆಗಳಿವೆ. ಗಾಯನ, ವಾದನ, ಸ್ವರರಚನೆಗಳ ಜೊತೆಗೆ ನೃತ್ಯವನ್ನೂ ಧ್ವನಿಮುದ್ರಣ ವಿದ್ಯೆಯನ್ನೂ ಅಲ್ಲಿ ಕಲಿಸುವುದುಂಟು. ಅವುಗಳಲ್ಲಿ ಹೆಸರಾಂತ ಪ್ಯಾರಿಸ್ಸಿನ ಶಾಲೆ ಸ್ಥಾಪನೆಯಾದದ್ದು 1795ರಲ್ಲಿ. ಆದರೆ ಆ ಪದ ಅದಕ್ಕಿಂತ ಬಹಳ ಹಳೆಯದು. ಇಟಲಿಯ ಭಾಷೆಯಲ್ಲಿ ಕನ್ಸೆರ್ವತೋರಿಯೊ ಎಂದರೆ ಕಾಪಾಡುವ ಸ್ಥಳ. ಕಾಪಾಡಬೇಕಾಗಿದ್ದುದು ಸಂಗೀತವನ್ನಲ್ಲ, ಮಕ್ಕಳನ್ನು. ನೇಪಲ್ಸ್ ನಗರದಲ್ಲಿ ಹದಿನಾರನೆಯ ಶತಮಾನದಿಂದ ಅನಾಥ ಬಾಲಕರಿಗಾಗಿ ಇಂತಹ ನಾಲ್ಕು ಮನೆಗಳು ಹುಟ್ಟಿಕೊಂಡವು. ಮಕ್ಕಳಿಗೆ ಅನ್ನ, ಬಟ್ಟೆ, ಧರ್ಮೋಪದೇಶಗಳ ಜೊತೆಗೆ ಬದುಕಿಗೊಂದು ಕಸುಬು ಬೇಕಿತ್ತು. ದೇವಾಲಯಗಳಿಗೆ ಹಾಡುಗಾರರು ಬೇಕಿತ್ತು. ಹೀಗೆ ಸಂಗೀತವೇ ಆ ಮಕ್ಕಳ ಕಸುಬಾಯಿತು. ಅನಾಥಾಲಯ ಕ್ರಮೇಣ ಸಂಗೀತಶಾಲೆಯಾಯಿತು.

ವೆನಿಸ್ ನಗರದಲ್ಲಿ ಇದೇ ಕಾರ್ಯವನ್ನು ನಾಲ್ಕು ಧರ್ಮಾಸ್ಪತ್ರೆಗಳು ಹೆಣ್ಣುಮಕ್ಕಳಿಗಾಗಿ ಮಾಡಿದವು. ಅವುಗಳಲ್ಲೊಂದು ಪಿಯೆತಾ. ಕರುಣೆ ಎಂಬುದೇ ಆ ಪದದ ಅರ್ಥ. ಅಸ್ಸಿಸಿಯ ಪಿಯೆತ್ರುಚ್ಚೊ ಎಂಬ ಫ್ರಾನ್ಸಿಸ್ಕನ್ ಸಹೋದರರು ಬೀದಿಯಲ್ಲಿ ಎಸೆಯಲ್ಪಟ್ಟ ಶಿಶುಗಳಿಗಾಗಿ 1346ರಲ್ಲಿ ಅದನ್ನು ಆರಂಭಿಸಿದರು. ಆ ಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಹೆತ್ತವರು ಕತ್ತಲಲ್ಲಿ ಬಂದು ಕೂಸನ್ನು ಅದರಲ್ಲಿಟ್ಟು ಹೋಗುತ್ತಿದ್ದರು. ಕೆಲವರು ಮಗುವಿನೊಂದಿಗೆ ಮುರಿದ ಪದಕದ ಅರ್ಧ ಭಾಗವನ್ನು ಇಡುತ್ತಿದ್ದರು. ಎಂದಾದರೊಂದು ದಿನ ಉಳಿದರ್ಧವನ್ನು ತಂದು ತೋರಿಸಿ ಮಗುವನ್ನು ಮರಳಿ ಪಡೆಯುವ ಆಸೆ ಅದರಲ್ಲಿ ಅಡಗಿತ್ತು. ಆ ಉಳಿದರ್ಧ ಬಾರದೆ ಹೋದ ಮಕ್ಕಳೇ ಹೆಚ್ಚು.

ಗಂಡುಮಕ್ಕಳು ಯಾವುದಾದರೂ ಕೈಕಸುಬು ಕಲಿತು ಹದಿಹರೆಯದಲ್ಲಿ ಮನೆಯಿಂದ ಹೊರಡುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಹೊಲಿಗೆ, ಕಸೂತಿ, ಮನೆಗೆಲಸಗಳಲ್ಲಿ ತೊಡಗುತ್ತಿದ್ದರು. ಸ್ವರಜ್ಞಾನವುಳ್ಳ ಕೆಲವರನ್ನು ಮಾತ್ರ ಆರಿಸಿ ಗಾನವೃಂದಕ್ಕೆ ಸೇರಿಸಲಾಗುತ್ತಿತ್ತು. ಹಿರಿಯರು ಕಿರಿಯರಿಗೆ ಕಲಿಸುವುದು ಅಲ್ಲಿನ ಪದ್ಧತಿ. ಅಪ್ಪನ ಹೆಸರಾಗಲಿ ಕುಲದ ಹೆಸರಾಗಲಿ ಇಲ್ಲದ ಆ ಹೆಣ್ಣುಮಕ್ಕಳನ್ನು ವಾದ್ಯದ ಹೆಸರಿನಿಂದಲೇ ಗುರುತಿಸುತ್ತಿದ್ದರು. ಪಿಟೀಲಿನ ಅನ್ನ ಮರಿಯ, ಓಬೊ ವಾದ್ಯದ ಪೆಲ್ಲೆಗ್ರೀನ ಎಂಬಂತಹ ಹೆಸರುಗಳು ಆ ಮನೆಯ ದಾಖಲೆಗಳಲ್ಲಿ ಉಳಿದುಬಂದಿವೆ. ತನ್ನದೆಂಬುದು ಏನೂ ಇಲ್ಲದ ಒಂದು ಜೀವಕ್ಕೆ ಕಲಿತ ವಿದ್ಯೆಯೇ ಮನೆತನವಾಗುವುದೆಂದರೆ ಏನೆಂಬುದನ್ನು ವಾಚಕರು ಒಂದು ಕ್ಷಣ ನಿಂತು ಚಿಂತಿಸಬೇಕು.

ಕ್ಷೌರಿಕನ ಮಗ

ವಿವಾಲ್ಡಿಯವರು ಹುಟ್ಟಿದ್ದು 1678ರ ಮಾರ್ಚ್ 4ರಂದು. ಮಗು ಬದುಕುವ ಭರವಸೆ ಇರಲಿಲ್ಲವಾದ್ದರಿಂದ ಸೂಲಗಿತ್ತಿಯೇ ಮನೆಯಲ್ಲಿ ಆ ಕೂಡಲೇ ಜ್ಞಾನಸ್ನಾನ ನೀಡಿದಳು. ದೇವಾಲಯದಲ್ಲಿ ಉಳಿದ ವಿಧಿಗಳು ನೆರವೇರಿದ್ದು ಎರಡು ತಿಂಗಳ ಅನಂತರ, ಮೇ 6ರಂದು. ಎದೆಯ ದೌರ್ಬಲ್ಯ ಅವರನ್ನು ಹುಟ್ಟಿನಿಂದ ಸಾವಿನವರೆಗೂ ಬಿಡಲಿಲ್ಲ. ತಾಯಿ ಕಮಿಲ್ಲಾ ಒಬ್ಬ ದರ್ಜಿಯ ಮಗಳು. ತಂದೆ ಜೊವಾನ್ನಿ ಬತ್ತಿಸ್ತ ಮೊದಲು ಕ್ಷೌರಿಕ, ಆಮೇಲೆ ಪಿಟೀಲುಗಾರ. 1685ರಲ್ಲಿ ಸಂತ ಮಾರ್ಕರ ಮಹಾದೇವಾಲಯದ ವಾದ್ಯವೃಂದದಲ್ಲಿ ಅವರಿಗೆ ಕೆಲಸ ದೊರೆಯಿತು. ಮಗನಿಗೆ ಪಿಟೀಲಿನ ಮೊದಲ ಪಾಠ ಹೇಳಿಕೊಟ್ಟವರೂ ಅವರೇ.

ಬಡ ಕುಟುಂಬದ ಹಿರಿಯ ಮಗನಿಗೆ ಯಾಜಕತ್ವ ಅಂದಿನ ಕಾಲದಲ್ಲಿ ಗೌರವದ ಹಾದಿ. ಹದಿನೈದನೆಯ ವಯಸ್ಸಿನಲ್ಲಿ, 1693ರ ಸೆಪ್ಟೆಂಬರಿನಲ್ಲಿ, ಅವರ ಕೂದಲನ್ನು ಕತ್ತರಿಸಿ ಯಾಜಕವರ್ಗಕ್ಕೆ ಸೇರಿಸಿಕೊಳ್ಳಲಾಯಿತು. ಅವರು ನಮ್ಮಂತೆ ಗುರುಮಠದಲ್ಲಿ ವಾಸವಾಗಿದ್ದು ಓದಿದವರಲ್ಲ. ಮನೆಯಲ್ಲೇ ಇದ್ದುಕೊಂಡು ಎರಡು ದೇವಾಲಯಗಳಲ್ಲಿ ಸೇವೆ ಮಾಡುತ್ತ ಹಂತ ಹಂತವಾಗಿ ದೀಕ್ಷೆಗಳನ್ನು ಪಡೆದರು. ಮನೆಯಲ್ಲಿದ್ದುದರಿಂದ ಪಿಟೀಲಿನ ಅಭ್ಯಾಸವೂ ತಪ್ಪಲಿಲ್ಲ. 1703ರ ಮಾರ್ಚ್ 23ರಂದು ಅವರಿಗೆ ಗುರುದೀಕ್ಷೆಯಾಯಿತು. ತಂದೆಯಿಂದ ಬಂದ ಕೆಂಗೂದಲಿನ ಕಾರಣ ಊರ ಜನ ಅವರನ್ನು ಕೆಂಪು ಪಾದ್ರಿ ಎಂದು ಕರೆದರು. ಆ ಹೆಸರೇ ಶಾಶ್ವತವಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಿಯೆತಾದ ಆಡಳಿತ ಮಂಡಳಿ ವರ್ಷಕ್ಕೆ 60 ಡುಕಾಟ್ ವೇತನದ ಮೇಲೆ ಅವರನ್ನು ಪಿಟೀಲು ಶಿಕ್ಷಕರನ್ನಾಗಿ ನೇಮಿಸಿತು. ಮರುವರ್ಷ ಇನ್ನೊಂದು ಬಗೆಯ ತಂತಿವಾದ್ಯದ ಪಾಠವೂ ಸೇರಿ ವೇತನ 100 ಡುಕಾಟ್ ಆಯಿತು. ಇಪ್ಪತ್ತೈದರ ಹರೆಯದ ಗುರುವಿನ ಕೈಗೆ ಹೆತ್ತವರಿಲ್ಲದ ಹೆಣ್ಣುಮಕ್ಕಳ ಒಂದು ಗುಂಪು ಬಂದಿತು.

ಕಂಬಿಯ ಹಿಂದಿನ ದನಿ

ಆ ಕಾಲದ ಕನ್ಸರ್ವೇಟರಿಯ ಪಾಠ ಹೇಗಿತ್ತೆಂಬುದನ್ನು ತಿಳಿಯಲು ವಿವಾಲ್ಡಿಯವರ ರಚನೆಗಳೇ ಸಾಕ್ಷಿ. ಶಿಷ್ಯೆಯರ ಕೈಯಲ್ಲಿ ಯಾವ ವಾದ್ಯವಿತ್ತೋ ಅದಕ್ಕೆಲ್ಲ ಅವರು ಸಂಗೀತ ಬರೆದರು. ಪಿಟೀಲು, ಚೆಲ್ಲೊ, ಓಬೊ, ಕೊಳಲು, ಮ್ಯಾಂಡೊಲಿನ್ ಯಾವುದನ್ನೂ ಬಿಡಲಿಲ್ಲ. ಹಿನ್ನೆಲೆಯಲ್ಲಿ ಗುನುಗುವುದಕ್ಕಷ್ಟೇ ಎಂದು ಜನ ತಿಳಿದಿದ್ದ ಬಸೂನ್ ಎಂಬ ದೊಡ್ಡ ಊದುವಾದ್ಯಕ್ಕೂ ಅವರು 30ಕ್ಕೂ ಹೆಚ್ಚು ಕಂಚೆರ್ಟೊಗಳನ್ನು ರಚಿಸಿದರು. ಕಂಚೆರ್ಟೊ ಎಂದರೆ ಒಂದು ವಾದ್ಯ ಮುಂದಾಗಿ, ಉಳಿದ ವಾದ್ಯವೃಂದ ಅದಕ್ಕೆ ಉತ್ತರ ಕೊಡುತ್ತ ಸಾಗುವ ರಚನೆ. ವೇಗದ ಭಾಗ, ನಿಧಾನದ ಭಾಗ, ಮತ್ತೆ ವೇಗದ ಭಾಗ ಎಂಬ ಅದರ ಮೂರಂಕಣದ ರೂಪ ನೆಲೆನಿಂತದ್ದು ಬಹುಮಟ್ಟಿಗೆ ಅವರಿಂದ. ವೃಂದವು ಮೊದಲು ಒಂದು ಪಲ್ಲವಿಯನ್ನು ನುಡಿಸುತ್ತದೆ. ಒಬ್ಬಳು ಅದರಿಂದ ಹೊರಟು ತನ್ನ ಮನೋಧರ್ಮಕ್ಕೆ ತಕ್ಕಂತೆ ದೂರ ಸಾಗುತ್ತಾಳೆ. ಮತ್ತೆ ಪಲ್ಲವಿ ಬಂದು ಅವಳನ್ನು ಮನೆಗೆ ಕರೆದುಕೊಳ್ಳುತ್ತದೆ. ಮನೆಯಿಲ್ಲದ ಹೆಣ್ಣುಮಗಳಿಗೆ ಇಂತಹ ಸಂಗೀತವನ್ನು ಕಲಿಸಿದ್ದು ಕೇವಲ ಕಾಕತಾಳೀಯವೇ ಎಂದು ನಾವು ಅನೇಕ ಸಲ ಯೋಚಿಸಿದ್ದೇವೆ.

ಪಿಟೀಲಿನ ಅನ್ನ ಮರಿಯ ಅವರ ಶಿಷ್ಯೆಯರಲ್ಲಿ ಅಗ್ರಗಣ್ಯಳು. ಶಿಶುವಾಗಿ ಆ ಮನೆಗೆ ಬಂದವಳು, ಅಲ್ಲಿಯೇ ಶಿಕ್ಷಕಿಯಾಗಿ, ವೃಂದದ ನಾಯಕಿಯಾಗಿ ಬಾಳಿ 1782ರಲ್ಲಿ ತೀರಿಕೊಂಡಳು. ಗುರುಗಳು ಅವಳಿಗಾಗಿಯೇ ಹಲವು ಕಂಚೆರ್ಟೊಗಳನ್ನು ಬರೆದರು. ಆಕೆಯ ಹೆಸರು ಹೊತ್ತ ಸ್ವರಲಿಪಿಯ ಪುಸ್ತಕವೊಂದು ಇಂದಿಗೂ ವೆನಿಸ್‌ನಲ್ಲಿದೆ.

ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಪಿಯೆತಾದ ಪ್ರಾರ್ಥನಾಲಯದಲ್ಲಿ ಬಲಿಪೂಜೆಗೂ ಸಂಜೆಯ ಪ್ರಾರ್ಥನಾವಿಧಿಗೂ ಈ ಹೆಣ್ಣುಮಕ್ಕಳೇ ಹಾಡಿ ನುಡಿಸುತ್ತಿದ್ದರು. ಗಂಡಸರಿಗೆ ಮೀಸಲಾದ ಟೆನರ್, ಬಾಸ್ ಸ್ವರಭಾಗಗಳನ್ನೂ ಅವರೇ ನಿರ್ವಹಿಸುತ್ತಿದ್ದರು. ಯೂರೋಪಿನ ರಾಜಕುಮಾರರು ಅದನ್ನು ಕೇಳಲೆಂದೇ ಬರುತ್ತಿದ್ದರು. ದೇವಾಲಯದಲ್ಲಿ ಚಪ್ಪಾಳೆ ತಟ್ಟುವಂತಿರಲಿಲ್ಲವಾದ್ದರಿಂದ ಜನ ಕೆಮ್ಮಿ, ಕಾಲು ಸದ್ದು ಮಾಡಿ ಮೆಚ್ಚುಗೆ ತೋರುತ್ತಿದ್ದರಂತೆ. ಆದರೆ ಹಾಡುವವರನ್ನು ಯಾರೂ ಸರಿಯಾಗಿ ನೋಡುವಂತಿರಲಿಲ್ಲ. ಮಾಳಿಗೆಯ ಕಂಬಿ ಜಾಲರಿಯ ಹಿಂದೆ ಅವರ ಸ್ಥಾನ.

ಫ್ರೆಂಚ್ ದಾರ್ಶನಿಕ ರೂಸೋ 1743-44ರಲ್ಲಿ ವೆನಿಸ್‌ನಲ್ಲಿದ್ದಾಗ ಇಂತಹುದೇ ಮತ್ತೊಂದು ಮನೆಯಾದ ಮೆಂದಿಕಾಂತಿಯಲ್ಲಿ ಆ ಹಾಡು ಕೇಳಿ ಮರುಳಾದರು. ಕಂಬಿಯ ಹಿಂದಿರುವವರು ಅಪ್ಸರೆಯರೇ ಇರಬೇಕೆಂದು ಊಹಿಸಿಕೊಂಡು ಅವರನ್ನು ಕಾಣಲು ಹಟ ಹಿಡಿದರು. ಕೊನೆಗೆ ಅವಕಾಶ ದೊರೆತಾಗ ಕಂಡದ್ದೇ ಬೇರೆ. ಒಬ್ಬಳಿಗೆ ಒಂದೇ ಕಣ್ಣು, ಇನ್ನೊಬ್ಬಳ ಮುಖವನ್ನು ಸಿಡುಬು ಕೆಡಿಸಿತ್ತು. ನಿರಾಶೆಗೊಂಡ ಅವರೇ ಮತ್ತೆ ಅವರ ಹಾಡು ಕೇಳಿದಾಗ ಆ ಮುಖಗಳೆಲ್ಲ ಚೆಲುವಾಗಿ ಕಂಡವೆಂದು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಧರ್ಮಸಭೆಯೊಡನೆ ಅನೇಕ ವಿಷಯಗಳಲ್ಲಿ ಜಗಳವಾಡಿದ ದಾರ್ಶನಿಕರೊಬ್ಬರಿಗೆ ಆತ್ಮದ ಚೆಲುವಿನ ಪಾಠ ಒಂದು ಅನಾಥಾಲಯದಲ್ಲಿ ದೊರೆಯಿತು.

ಈ ವ್ಯವಸ್ಥೆಯ ಕಠಿಣ ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಹಾಡಿನಿಂದ ಬಂದ ಕಾಣಿಕೆ, ದತ್ತಿಗಳು ಮನೆಯ ನೂರಾರು ಮಕ್ಕಳನ್ನು ಸಾಕಿದವು ನಿಜ. ಆದರೆ ಮದುವೆಯಾಗಿ ಹೊರಟ ಹೆಣ್ಣುಮಗಳು ಮುಂದೆ ಸಾರ್ವಜನಿಕವಾಗಿ ಹಾಡುವುದಿಲ್ಲ, ನುಡಿಸುವುದಿಲ್ಲ ಎಂದು ಮಾತು ಕೊಡಬೇಕಿತ್ತು. ಕಲಿತ ವಿದ್ಯೆ ಅಥವಾ ಸಂಸಾರ, ಎರಡರಲ್ಲಿ ಒಂದು ಮಾತ್ರ. ಅನ್ನ ಮರಿಯಳಂತೆ ಅನೇಕರು ವಿದ್ಯೆಯನ್ನೇ ಆರಿಸಿಕೊಂಡು ಅದೇ ಗೋಡೆಗಳ ನಡುವೆ ಮುದುಕಿಯರಾದರು.

ಗುರುಗಳ ಕೆಲಸವೂ ಭದ್ರವಾಗಿರಲಿಲ್ಲ. ಪ್ರತಿವರ್ಷ ಆಡಳಿತ ಮಂಡಳಿಯವರು ಶಿಕ್ಷಕರ ಬಗ್ಗೆ ಮತ ಹಾಕುತ್ತಿದ್ದರು. 1709ರಲ್ಲಿ ವಿವಾಲ್ಡಿಯವರಿಗೆ 6 ಮತಗಳು ಅನುಕೂಲವಾಗಿ, 7 ಪ್ರತಿಕೂಲವಾಗಿ ಬಿದ್ದು ಕೆಲಸ ಹೋಯಿತು. ಅವರೇ ತಯಾರು ಮಾಡಿದ ಹಿರಿಯ ಶಿಷ್ಯೆಯರು ಪಾಠ ಹೇಳಬಲ್ಲವರಾಗಿರುವಾಗ ಹೊರಗಿನವರಿಗೆ ಸಂಬಳವೇಕೆ ಎಂಬ ಲೆಕ್ಕಾಚಾರ ಇದರ ಹಿಂದಿದ್ದಿರಬಹುದೆಂದು ಚರಿತ್ರಕಾರರು ಊಹಿಸುತ್ತಾರೆ. 1711ರಲ್ಲಿ ಅದೇ ಮಂಡಳಿ ಒಮ್ಮತದಿಂದ ಅವರನ್ನು ಮರಳಿ ಕರೆಯಿತು.

ಅದೇ 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವರ 12 ಕಂಚೆರ್ಟೊಗಳ ಸಂಪುಟವೊಂದು ಅಚ್ಚಾಗಿ ಯೂರೋಪಿನಾದ್ಯಂತ ಹರಡಿತು. ಜರ್ಮನಿಯಲ್ಲಿ ಬಾಖ್ ಎಂಬ ಲುಥೆರನ್ ಪಂಥದ ತರುಣ ಸಂಗೀತಗಾರ ಅವುಗಳಲ್ಲಿ ಕೆಲವನ್ನು ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ವಾದ್ಯಗಳಿಗೆ ಹೊಂದಿಸಿ ಬರೆದುಕೊಂಡು ಅಭ್ಯಸಿಸಿದ. ಕಥೋಲಿಕ ಯಾಜಕರೊಬ್ಬರ ರಚನೆಯಿಂದ ಪ್ರೊಟೆಸ್ಟಂಟ್ ಸಂಗೀತದ ಮಹಾಪುರುಷ ವಿದ್ಯೆ ಕಲಿತದ್ದು ಧರ್ಮಗಳ ಜಗಳ ಬಿಸಿಯಾಗಿದ್ದ ಯುಗದಲ್ಲಿ.

1713ರಲ್ಲಿ ಗಾನವೃಂದದ ಮುಖ್ಯಸ್ಥರು ರಜೆಯ ಮೇಲೆ ಹೋಗಿ ಹಿಂತಿರುಗದಿದ್ದಾಗ ದೇವಾಲಯದ ಹಾಡುಗಳನ್ನು ರಚಿಸುವ ಹೊಣೆಯೂ ವಿವಾಲ್ಡಿಯವರ ಮೇಲೆ ಬಿತ್ತು. ಇಂದು ಕ್ರಿಸ್‌ಮಸ್ ಕಾಲದಲ್ಲಿ ಜಗತ್ತಿನ ಅನೇಕ ದೇವಾಲಯಗಳಲ್ಲಿ ಕೇಳಿಬರುವ ಅವರ ಮಹಿಮಾ ಗೀತೆ, ಅಂದರೆ ಗ್ಲೋರಿಯಾ, ಆ ಸುಮಾರಿನದು. 1716ರಲ್ಲಿ ಕಾರ್ಫು ದ್ವೀಪದಲ್ಲಿ ತುರ್ಕರ ಮೇಲೆ ವೆನಿಸ್ ಜಯ ಗಳಿಸಿದಾಗ ಯೂದಿತಳ ಗ್ರಂಥದ ಕಥೆಯನ್ನಾಧರಿಸಿದ ಲತೀನ್ ಗೀತರೂಪಕವೊಂದನ್ನು ಅವರು ರಚಿಸಿದರು. ಯೂದಿತಳಿಂದ ಹಿಡಿದು ಸೇನಾಪತಿ ಹೊಲೊಫೆರ್ನನವರೆಗೆ ಎಲ್ಲ ಪಾತ್ರಗಳನ್ನೂ ಪಿಯೆತಾದ ಹೆಣ್ಣುಮಕ್ಕಳೇ ಹಾಡಿದರು. ವೇಷವಿಲ್ಲ, ಅಭಿನಯವಿಲ್ಲ, ಕುಣಿತವಿಲ್ಲ. ಕಂಬಿಯ ಹಿಂದೆ ನಿಂತು ದನಿಯೊಂದರಿಂದಲೇ ಯುದ್ಧವನ್ನೂ ವಿಜಯವನ್ನೂ ಕೇಳುಗರ ಕಣ್ಣಿಗೆ ಕಟ್ಟಿಕೊಡಬೇಕಿತ್ತು.

ಬಲಿಪೀಠದಿಂದ ದೂರ

ಈಗ ನಾವು ಯಾಜಕರಾಗಿ ಎದುರಿಸಲೇಬೇಕಾದ ಒಂದು ಮಾತಿಗೆ ಬರುತ್ತೇವೆ. ಗುರುದೀಕ್ಷೆ ಪಡೆದ ಒಂದು ವರ್ಷ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ವಿವಾಲ್ಡಿಯವರು ಬಲಿಪೂಜೆ ಅರ್ಪಿಸಿದರು. ಆಮೇಲೆ ಬಾಳಿನ ಕೊನೆಯವರೆಗೂ ಅರ್ಪಿಸಲಿಲ್ಲ. ಪೂಜೆಯ ನಡುವೆ ರಾಗವೊಂದು ಹೊಳೆದು, ಅದನ್ನು ಬರೆದಿಡಲು ಬಲಿಪೀಠ ಬಿಟ್ಟು ಓಡಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದಕ್ಕೆ ಆಧಾರವಿಲ್ಲ. 1737ರ ನವೆಂಬರಿನಲ್ಲಿ ಫೆರಾರದ ಶ್ರೀಮಂತರೊಬ್ಬರಿಗೆ ಬರೆದ ಪತ್ರದಲ್ಲಿ ಅವರೇ ಕಾರಣ ತಿಳಿಸಿದ್ದಾರೆ. ಹುಟ್ಟಿನಿಂದ ಬಂದ ಎದೆಯ ಬಿಗಿತದಿಂದಾಗಿ ಮೂರು ಸಲ ಪೂಜೆಯನ್ನು ಪೂರೈಸಲಾಗದೆ ಬಲಿಪೀಠದಿಂದ ಇಳಿಯಬೇಕಾಯಿತೆಂದೂ, ಆದ್ದರಿಂದ ಪೂಜೆ ಅರ್ಪಿಸುವುದನ್ನೇ ಬಿಟ್ಟೆನೆಂದೂ, ನಡೆಯಲಾಗದೆ ಎಲ್ಲೆಡೆಗೂ ದೋಣಿ ಅಥವಾ ಗಾಡಿಯಲ್ಲೇ ಹೋಗುವೆನೆಂದೂ ಅದರಲ್ಲಿ ವಿವರಿಸಿದ್ದಾರೆ. ಅದು ಇಂದು ನಾವು ಆಸ್ತಮಾ ಎನ್ನುವ ರೋಗವಿರಬೇಕೆಂದು ಹಲವರ ಅಭಿಪ್ರಾಯ.

ಗುರುಮಠದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಇದನ್ನು ಮೊದಲು ಓದಿದ ನಾವು ಆ ವಿವರಣೆಯನ್ನು ನಂಬಲಿಲ್ಲ. ಪೂಜೆಗೆ ಇಲ್ಲದ ಉಸಿರು ನಾಟಕಶಾಲೆಗೆ ಎಲ್ಲಿಂದ ಬಂತು ಎಂದು ಕೇಳಿದ್ದೆವು. ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. 1713ರಿಂದ ಅವರು ಸಂಗೀತ ನಾಟಕಗಳ ಪ್ರಪಂಚಕ್ಕೆ ಇಳಿದಿದ್ದರು. ಮಾಂತುವ, ರೋಮ್ ಮೊದಲಾದ ನಗರಗಳಿಗೆ ಓಡಾಡಿದರು. ನಾಟಕಗಳನ್ನು ರಚಿಸಿದ್ದಷ್ಟೇ ಅಲ್ಲದೆ ಹಣಕಾಸಿನ ವ್ಯವಹಾರವನ್ನೂ ತಾವೇ ನೋಡಿಕೊಂಡರು. ಆನ್ನ ಜಿರೊ ಎಂಬ ಗಾಯಕಿ ಅವರ ಅನೇಕ ನಾಟಕಗಳಲ್ಲಿ ಹಾಡಿದಳು. ಆಕೆಯೂ ಆಕೆಯ ಅಕ್ಕನೂ ಅವರ ಪ್ರಯಾಣಗಳಲ್ಲಿ ಜೊತೆಗಿರುತ್ತಿದ್ದರು. ಊರಿನ ನಾಲಿಗೆಗೆ ಇಷ್ಟು ಸಾಕಾಯಿತು. ತಮ್ಮ ರೋಗದ ಸ್ಥಿತಿಯನ್ನು ಬಲ್ಲ ಈ ಸ್ತ್ರೀಯರು ಶುಶ್ರೂಷೆಗಾಗಿ ಬರುತ್ತಾರೆ, ತಮ್ಮ ಮನೆ ಬೇರೆ ಅವರ ಮನೆ ಬೇರೆ ಎಂದು ವಿವಾಲ್ಡಿಯವರು ಸ್ಪಷ್ಟಪಡಿಸಿದರು. ಆದರೂ 1737ರಲ್ಲಿ ಫೆರಾರದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ರುಫೊರವರು, ಪೂಜೆ ಅರ್ಪಿಸದ, ಗಾಯಕಿಯ ಸ್ನೇಹವುಳ್ಳ ಪಾದ್ರಿ ತಮ್ಮ ನಗರಕ್ಕೆ ಬರಕೂಡದೆಂದು ತಡೆದರು. ನಾಟಕಕ್ಕಾಗಿ ಮಾಡಿಕೊಂಡ ಒಪ್ಪಂದಗಳಿಂದ ವಿವಾಲ್ಡಿಯವರಿಗೆ ಭಾರಿ ನಷ್ಟವಾಯಿತು.

ಅವರು ಸಂತರಲ್ಲ. ಹಣದ ವಿಷಯದಲ್ಲಿ ಬಿಗಿ, ಹೊಗಳಿಕೆಯ ಆಸೆ, ಸಿಡುಕು ಎಲ್ಲವೂ ಅವರಲ್ಲಿದ್ದವು. ಆದರೆ 1735ರಲ್ಲಿ ಅವರನ್ನು ಕಾಣಹೋದ ನಾಟಕಕಾರ ಗೊಲ್ದೋನಿ ಬಿಟ್ಟುಹೋದ ಚಿತ್ರವೊಂದಿದೆ. ಸುತ್ತಲೂ ಸ್ವರಲಿಪಿಯ ಹಾಳೆಗಳು, ಕೈಯಲ್ಲಿ ಯಾಜಕರ ನಿತ್ಯಪ್ರಾರ್ಥನೆಯ ಗ್ರಂಥ, ಮಾತಿನ ನಡುವೆ ಶಿಲುಬೆಯ ಗುರುತು, ಮತ್ತೆ ಪ್ರಾರ್ಥನೆ, ಮತ್ತೆ ನಾಟಕದ ಮಾತು. ಗೊಲ್ದೋನಿ ಅದನ್ನು ನಗೆಯ ಪ್ರಸಂಗವಾಗಿಯೇ ಬರೆದಿದ್ದಾರೆ. ನಮಗೆ ಮಾತ್ರ ಅದರಲ್ಲಿ ಬಲಿಪೀಠ ಕಳೆದುಕೊಂಡ ಯಾಜಕರೊಬ್ಬರು ಉಳಿದ ಒಂದೇ ಎಳೆಯನ್ನು ಬಿಡದೆ ಹಿಡಿದುಕೊಂಡಿರುವುದು ಕಾಣುತ್ತದೆ. ಈಚಿನ ವರ್ಷಗಳಲ್ಲಿ ಚಳಿಗಾಲದ ಮುಂಜಾನೆ ಮೆಟ್ಟಿಲು ಹತ್ತುವಾಗ ನಮಗೂ ಏದುಸಿರು ಬರುತ್ತದೆ. ಆಗೆಲ್ಲ ಆ ತಾರುಣ್ಯದ ನ್ಯಾಯತೀರ್ಮಾನಕ್ಕಾಗಿ ನಾವು ನಾಚುತ್ತೇವೆ.

ಸಂಗೀತದ ವಿಷಯದಲ್ಲಿ ಧರ್ಮಸಭೆಯ ಮನಸ್ಸು ಸದಾ ತೂಗುಯ್ಯಾಲೆಯಲ್ಲಿದೆ. ಹಾಡಿನ ಅರ್ಥಕ್ಕಿಂತ ಇಂಪಿಗೆ ತಮ್ಮ ಮನ ಸೋತಾಗಲೆಲ್ಲ ಪಾಪ ಮಾಡಿದಂತಾಗುತ್ತದೆಂದು ಸಂತ ಅಗಸ್ತೀನರು ಕಳವಳಪಟ್ಟಿದ್ದರು. ಒಮ್ಮೆ ವೆನಿಸ್‌ನ ಧರ್ಮಪಾಲಕರಾಗಿದ್ದ ಸಂತ ಹತ್ತನೆಯ ಭಕ್ತಿನಾಥರು ಜಗದ್ಗುರುಗಳಾದ ಮೇಲೆ 1903ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ನಾಟಕಶಾಲೆಯ ಶೈಲಿಯನ್ನು ದೇವಾಲಯದಿಂದ ದೂರವಿರಿಸಿದರು. ಗಾನವೃಂದದಲ್ಲಿ ಸ್ತ್ರೀಯರಿಗೆ ಸ್ಥಾನವಿಲ್ಲವೆಂದೂ ಅದರಲ್ಲಿ ವಿಧಿಸಲಾಗಿತ್ತು. ಅದಕ್ಕೆ ಇನ್ನೂರು ವರ್ಷ ಮೊದಲೇ ಅದೇ ನಗರದಲ್ಲಿ ತಬ್ಬಲಿ ಹೆಣ್ಣುಮಕ್ಕಳು ದೇವರ ಮಹಿಮೆಯನ್ನು ಹಾಡಿದ್ದರು. ಎರಡನೆಯ ವತಿಕಾನ್ ಮಹಾಸಭೆ 1963ರಲ್ಲಿ ಪವಿತ್ರ ಸಂಗೀತವನ್ನು ಆರಾಧನೆಯ ಅವಿಭಾಜ್ಯ ಅಂಗವೆಂದು ಸಾರಿತು. ಇಂದು ನಮ್ಮ ಗಾನವೃಂದಗಳನ್ನು ಎತ್ತಿ ನಿಲ್ಲಿಸಿರುವವರು ಬಹುಮಟ್ಟಿಗೆ ನಮ್ಮ ತಾಯಂದಿರೂ ಹೆಣ್ಣುಮಕ್ಕಳೂ ಅಲ್ಲವೇ?

ಪರದೇಶದ ಸಮಾಧಿ

ನಾಟಕಗಳ ಗದ್ದಲದ ನಡುವೆಯೂ ಪಿಯೆತಾದ ನಂಟು ಕಡಿಯಲಿಲ್ಲ. 1723ರಲ್ಲಿ ತಿಂಗಳಿಗೆ ಎರಡರಂತೆ, ಒಂದಕ್ಕೆ ಒಂದು ಚಿನ್ನದ ನಾಣ್ಯದಂತೆ ಕಂಚೆರ್ಟೊಗಳನ್ನು ಒದಗಿಸುವ ಒಪ್ಪಂದವಾಯಿತು. ಊರಿನಲ್ಲಿರುವಾಗ ಹೆಣ್ಣುಮಕ್ಕಳಿಗೆ ಅದನ್ನು ಅಭ್ಯಾಸ ಮಾಡಿಸುವುದೂ ಅದರಲ್ಲಿ ಸೇರಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 140 ಕಂಚೆರ್ಟೊಗಳಿಗೆ ಹಣ ಸಂದ ದಾಖಲೆಯಿದೆ. ನಾಲ್ಕು ಋತುಗಳನ್ನು ಪಿಟೀಲಿನಲ್ಲಿ ಚಿತ್ರಿಸಿದ ಅವರ ಅತ್ಯಂತ ಪ್ರಸಿದ್ಧ ರಚನೆ 1725ರಲ್ಲಿ ಪ್ರಕಟವಾಯಿತು. ಹಕ್ಕಿಯ ಉಲಿ, ಮಲಗಿದ ಮೇಕೆ ಕಾಯುವವನ ಬಳಿ ಬೊಗಳುವ ನಾಯಿ, ಮಂಜಿನ ಮೇಲೆ ಜಾರುವ ಹೆಜ್ಜೆ, ಹಳ್ಳಿಗರ ಕುಣಿತ, ಎಲ್ಲವೂ ಅದರಲ್ಲಿವೆ.

ಕಾಲ ಬದಲಾಯಿತು. ವೆನಿಸ್ ಹೊಸಬರತ್ತ ತಿರುಗಿತು. ಒಂದು ಕಾಲಕ್ಕೆ 50,000 ಡುಕಾಟಿಗೂ ಹೆಚ್ಚು ಸಂಪಾದಿಸಿದ್ದರೆಂದು ಹೇಳಲಾದ ವಿವಾಲ್ಡಿಯವರು 1740ರಲ್ಲಿ ತಮ್ಮ ಕೆಲವು ಕಂಚೆರ್ಟೊಗಳನ್ನು ಪಿಯೆತಾಕ್ಕೆ ಮಾರಿ, ಊರು ಬಿಟ್ಟು ವಿಯೆನ್ನ ನಗರಕ್ಕೆ ಹೊರಟರು. ತಮ್ಮ ಸಂಗೀತವನ್ನು ಮೆಚ್ಚಿದ್ದ ಚಕ್ರವರ್ತಿ ಆರನೆಯ ಚಾರ್ಲ್ಸ್ ಅಲ್ಲಿದ್ದರು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಚಕ್ರವರ್ತಿ ಮರಣ ಹೊಂದಿದರು. ಶೋಕಾಚರಣೆಗಾಗಿ ನಾಟಕಶಾಲೆಗಳು ಮುಚ್ಚಿದವು. ಆಸರೆ ತಪ್ಪಿದ ವಿವಾಲ್ಡಿಯವರು ಕುದುರೆ ಜೀನು ಮಾಡುವವನೊಬ್ಬನ ವಿಧವೆಯ ಮನೆಯಲ್ಲಿ 1741ರ ಜುಲೈ 28ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂತ ಸ್ತೆಫಾನರ ಪ್ರಧಾನಾಲಯದ ಚಿಕ್ಕ ಗಂಟೆಗಳು ಮಾತ್ರ ಮೊಳಗಿದವು. ಮುಂದೆ ಮಹಾ ಸಂಗೀತಗಾರರಾದ ಹೇಡನ್ ಆಗ ಆ ದೇವಾಲಯದ ಬಾಲಗಾಯಕರಲ್ಲೊಬ್ಬರು. ಆದರೆ ಹಿಂದೆ ಹೇಳುತ್ತಿದ್ದಂತೆ ಅವರು ಈ ಅಂತ್ಯಕ್ರಿಯೆಯಲ್ಲಿ ಹಾಡಲಿಲ್ಲ, ಏಕೆಂದರೆ ಹಾಡೇ ಇರಲಿಲ್ಲ. ಆಸ್ಪತ್ರೆಗೆ ಸೇರಿದ ಹೂಳುವ ಭೂಮಿಯಲ್ಲಿ ಬಡವರ ನಡುವೆ ಅವರನ್ನು ಮಣ್ಣು ಮಾಡಲಾಯಿತು. ಆ ಸಮಾಧಿ ಇಂದು ಉಳಿದಿಲ್ಲ.

ಇಬ್ಬರು ಕಂದಮ್ಮಗಳ ಕಾಣಿಕೆ

ಎರಡು ಶತಮಾನಗಳ ಕಾಲ ಜಗತ್ತು ಅವರನ್ನು ಮರೆತಿತ್ತು. ಬಾಖ್ ಅವರ ಸಂಗೀತವನ್ನು ಅಭ್ಯಸಿಸುವ ಪಂಡಿತರಷ್ಟೇ ಅವರ ಹೆಸರು ಬಲ್ಲವರು. 1926ರಲ್ಲಿ ಇಟಲಿಯ ಬೊರ್ಗೊ ಸಾನ್ ಮಾರ್ತಿನೊ ಎಂಬ ಊರಿನಲ್ಲಿ ಸಂತ ಡಾನ್ ಬಾಸ್ಕೊರವರ ಸಲೇಶಿಯನ್ ಸಭೆಯ ಶಾಲೆಯೊಂದು ಕಟ್ಟಡದ ರಿಪೇರಿಗೆ ಹಣ ಬೇಕಾಗಿ, ತನ್ನಲ್ಲಿದ್ದ ಹಳೆಯ ಸ್ವರಲಿಪಿಯ ಸಂಪುಟಗಳನ್ನು ಮಾರಲು ಯೋಚಿಸಿತು. ಬೆಲೆ ಕಟ್ಟಿಕೊಡುವಂತೆ ತೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿತು. ಗ್ರಂಥಾಲಯದ ನಿರ್ದೇಶಕ ಲುಯಿಜಿ ತೊರ್ರಿಯವರು ಸಂಗೀತ ವಿದ್ವಾಂಸ ಆಲ್ಬೆರ್ತೊ ಜೆಂತಿಲಿಯವರಿಗೆ ಅವುಗಳನ್ನು ತೋರಿಸಿದರು. ಪೆಟ್ಟಿಗೆಗಳನ್ನು ತೆರೆದಾಗ 97 ಸಂಪುಟಗಳಲ್ಲಿ 14 ವಿವಾಲ್ಡಿಯವರವು. ಹೆಚ್ಚಿನ ಹಾಳೆಗಳು ಅವರದೇ ಕೈಬರಹ.

ಗ್ರಂಥಾಲಯದಲ್ಲಿ ಕೊಳ್ಳುವಷ್ಟು ಹಣವಿರಲಿಲ್ಲ. ರೊಬೆರ್ತೊ ಫೊವಾ ಎಂಬ ಷೇರು ವ್ಯಾಪಾರಿ ಮುಂದೆ ಬಂದರು. ಎಳೆತನದಲ್ಲೇ ತೀರಿಕೊಂಡ ತಮ್ಮ ಮಗ ಮಾವ್ರೊನ ಹೆಸರಿನಲ್ಲಿ 1927ರಲ್ಲಿ ಅವುಗಳನ್ನು ಕೊಂಡು ಗ್ರಂಥಾಲಯಕ್ಕೆ ಅರ್ಪಿಸಿದರು. ಸಂಪುಟಗಳ ಕ್ರಮಸಂಖ್ಯೆಯನ್ನು ಪರಿಶೀಲಿಸಿದ ಜೆಂತಿಲಿಯವರಿಗೆ ಇದು ಅರ್ಧ ಮಾತ್ರ, ಉಳಿದರ್ಧ ಎಲ್ಲೋ ಇದೆ ಎಂಬುದು ಹೊಳೆಯಿತು. ಹುಡುಕಾಟದ ಕೊನೆಗೆ ಜೆನೊವಾ ನಗರದ ಶ್ರೀಮಂತ ಮನೆತನವೊಂದರಲ್ಲಿ ಅದು ಸಿಕ್ಕಿತು. 1930ರಲ್ಲಿ ಫಿಲಿಪ್ಪೊ ಜೊರ್ದಾನೊ ಎಂಬ ಜವಳಿ ಉದ್ಯಮಿ ಅದನ್ನು ಕೊಂಡು, ತೀರಿಕೊಂಡ ತಮ್ಮ ಪುಟ್ಟ ಮಗ ರೆಂಜೊನ ಹೆಸರಿನಲ್ಲಿ ಕಾಣಿಕೆಯಾಗಿ ಕೊಟ್ಟರು. ಹೀಗೆ 27 ಸಂಪುಟಗಳು, ಸುಮಾರು 450 ರಚನೆಗಳು ಒಂದುಗೂಡಿದವು. 1939ರಲ್ಲಿ ಸಿಯೆನಾ ನಗರದಲ್ಲಿ ಆ ಗ್ಲೋರಿಯಾ ಮತ್ತೆ ಜನರ ಕಿವಿಗೆ ಬಿದ್ದಿತು. ಅದರ ಹಿಂದಿನ ವರ್ಷವಷ್ಟೇ ಬಂದ ಜನಾಂಗೀಯ ಕಾನೂನುಗಳಿಂದ, ಯೆಹೂದ್ಯರೆಂಬ ಕಾರಣಕ್ಕೆ, ಜೆಂತಿಲಿಯವರು ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡಿದ್ದರು. ಕಥೋಲಿಕ ಯಾಜಕರ ಸಂಗೀತವನ್ನು ಉಳಿಸಿಕೊಟ್ಟವರಿಗೆ ಕ್ರೈಸ್ತ ದೇಶವೊಂದು ಸಲ್ಲಿಸಿದ ಸಂಭಾವನೆ ಅದು.

ಪ್ರಿಯ ವಾಚಕರೇ, ಗೋಡೆಯ ಗೂಡಿನಲ್ಲಿ ಬಿಟ್ಟುಹೋದ ಶಿಶುಗಳಿಗಾಗಿ ಹುಟ್ಟಿದ ಸಂಗೀತವನ್ನು ಅಗಲಿದ ಎರಡು ಕಂದಮ್ಮಗಳ ಹೆಸರು ಕಾಪಾಡಿತು. ಮುರಿದ ಪದಕದ ಎರಡು ಅರ್ಧಗಳು ಕೂಡಿದಂತೆ ಆ ಸಂಪುಟಗಳೂ ಕೂಡಿದವು. ಇದರಲ್ಲಿ ದೇವರ ಕೈವಾಡವನ್ನು ಕಾಣುವವರನ್ನು ನಾವು ತಡೆಯುವುದಿಲ್ಲ.

ಕೃಪೆಯು ಪ್ರಕೃತಿಯನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಮಗುವಿಗೆ ಹುಟ್ಟಿನಿಂದ ಬಂದ ಸ್ವರ, ಲಯ, ಹೆಜ್ಜೆ ಆ ಪ್ರಕೃತಿಯ ಭಾಗ. ಎಲ್ಲ ಮಕ್ಕಳೂ ಸಂಗೀತಗಾರರಾಗಬೇಕೆಂದು ನಾವು ಹೇಳುತ್ತಿಲ್ಲ. ಪಿಯೆತಾದಲ್ಲೂ ಎಲ್ಲರನ್ನೂ ವೃಂದಕ್ಕೆ ಆರಿಸುತ್ತಿರಲಿಲ್ಲ. ತಂದೆಯಾದವನಿಗೆ ಮಗನ ಅನ್ನದ ಚಿಂತೆ ಇರುವುದು ತಪ್ಪಲ್ಲ. ಆದರೆ ಅನ್ನವಿಲ್ಲದ ಮಕ್ಕಳಿಗೇ ಸಂಗೀತ ಕಲಿಸಿದ ಒಂದು ಮನೆ ಇತ್ತೆಂಬುದನ್ನು ಅಂದು ನಾವು ಆ ತಂದೆಗೆ ಹೇಳಬೇಕಾಗಿತ್ತು. ಹೇಳಲಿಲ್ಲ.

ಕಳೆದ ಪಾಸ್ಕ ಹಬ್ಬದ ಮರುದಿನ ಆ ಹುಡುಗ, ಈಗ ಇಬ್ಬರು ಮಕ್ಕಳ ತಂದೆ, ನಮ್ಮನ್ನು ಕಾಣಲು ಬಂದಿದ್ದ. ಹಿರಿಯ ಮಗಳ ಕೈಯಲ್ಲಿ ಹೊಸ ತಂತಿ ಬಿಗಿದ ಹಳೆಯ ಪಿಟೀಲಿತ್ತು. ಅವಳನ್ನು ಎಲ್ಲಿ ಪಾಠಕ್ಕೆ ಸೇರಿಸಬೇಕೆಂದು ಕೇಳಿದ. ಈ ಸಲ ನಾವು ಕೂಡಲೇ ಉತ್ತರ ಕೊಡಲಿಲ್ಲ. ಮೊದಲು ಮಗುವನ್ನು ನುಡಿಸಲು ಹೇಳಿ, ಕುಳಿತು ಕೇಳಿದೆವು.